ಇನ್ನೊಂದು ಆಪರೇಷನ್ ಮಾಡಿಸಬಾರದಾ? ಬಾರದು

"ಇನ್ನೂ ಸರಿ ಹೋಗಿಲ್ವಾ? ಇನ್ನೊಂದ್ಸಲ ಆಪರೇಷನ್ ಮಾಡಿಸಿ ಕ್ಲೀನ್ ಮಾಡಿಸಿಬಿಡಬಾರದಾ?"

ಆಪರೇಷನ್ ಆದ ಮೇಲೂ ಆಗಾಗ ಕಟ್ಟಿಕೊಳ್ಳುವ ನನ್ನ ಕರುಳಿನ ಬಗ್ಗೆ ಇದನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ, ತಿಥಿ ಮನೆಯಲ್ಲಿ ಕೇಳಿದ್ದಾರೆ, ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ, ಒಂದು ಸಲ ಬಸ್ಸಿನ ಹಿಂದಿನ ಸೀಟಿನಿಂದ ಮುಂದಕ್ಕೆ ಕೂಗಿ ಕೇಳಿದ್ದಾರೆ. ಮೊದಲೆರಡು ವರ್ಷ ನಗುನಗುತ್ತಾ ಉತ್ತರ ಕೊಟ್ಟೆ. ಈಗ ಬಾಯಿ ನೋಯುತ್ತದೆ. ಬರೆದಿಡುತ್ತಿದ್ದೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಕೋಪ ಬಂದರೆ ಬರಲಿ.

2017ರಲ್ಲಿ ನನಗೆ ಕರುಳಿನ ಟಿ.ಬಿ. ಆಯಿತು. ಟಿ.ಬಿ. ಅಂದರೆ ಕೆಮ್ಮು, ಕಫ ಅಂತಷ್ಟೇ ಗೊತ್ತಿದ್ದವಳು ನಾನು. ಅದು ಹೊಟ್ಟೆಗೂ ಬರುತ್ತದಂತೆ, ಬಂದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಮೂಲೆಯಲ್ಲೇ ಜಾಸ್ತಿ ಕೂರುತ್ತದಂತೆ. ಆರು ತಿಂಗಳು ಮಾತ್ರೆ ನುಂಗಿದೆ. ರೋಗ ಹೋಯಿತು. ಆದರೆ ಹುಣ್ಣು ಮಾಯುವಾಗ ಕರುಳು ಅಲ್ಲೇ ಸುರುಟಿಕೊಂಡು ಕಿರಿದಾಯಿತು. ಆ ತುಂಡು ತೆಗೆದು, ಎರಡು ತುದಿ ಸೇರಿಸಿ ಹೊಲಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದಿನ ಪ್ರಶ್ನೆ ಯಾವಾಗಲೂ "ಯಾರು ಮಾಡಿದ್ದು, ಕೆಡಿಸಿಬಿಟ್ರಾ?" ಅಂತಲೇ ಇರುತ್ತದೆ. ಯಾರೂ ಕೆಡಿಸಲಿಲ್ಲ.

ಸಣ್ಣ ಕರುಳೇ ಸುಮಾರು 20 ಅಡಿ. ಸುತ್ತಿಕೊಂಡು, ಒಂದರ ಮೇಲೊಂದು ಜಾರುತ್ತಾ, ಇಡೀ ದಿನ ಹೊರಳಾಡುತ್ತಿರುತ್ತದೆ. ಹೊಟ್ಟೆ ಕೊಯ್ದು ಒಳಗೆ ಕೈ ಆಡಿಸಿದ ಮೇಲೆ ಅಲ್ಲಲ್ಲಿ ತರಚುತ್ತದೆ, ತರಚಿದಲ್ಲಿ ಅಂಟಂಟಾಗುತ್ತದೆ. ಆ ಅಂಟು ಕೆಲವು ದಿನದಲ್ಲಿ ಕರಗಬೇಕು. ಕರಗದಿದ್ದರೆ ದಾರದ ಹಾಗೆ, ಲಾಡಿಯ ಹಾಗೆ ಗಟ್ಟಿಯಾಗಿ ಒಂದು ಸುತ್ತನ್ನು ಇನ್ನೊಂದಕ್ಕೋ ಹೊಟ್ಟೆಯ ಗೋಡೆಗೋ ಕಟ್ಟಿಹಾಕುತ್ತದೆ. ಡಾಕ್ಟರುಗಳು ಅಡ್ಹೀಷನ್ ಅಂತಾರೆ. ಹೊಟ್ಟೆ ತೆರೆದು ಆಪರೇಷನ್ ಆದ ಬಹಳಷ್ಟು ಜನಕ್ಕೆ ಇದು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾಗುತ್ತದೆ.

ಈಗ ನೀವೇ ಹೇಳಿ. ಆಪರೇಷನ್ ಆಗಿದ್ದಕ್ಕೆ ಅಂಟಿಕೊಂಡಿದೆ. ಬಿಡಿಸಲು ಇನ್ನೊಂದು ಆಪರೇಷನ್ ಮಾಡಿಸಿದರೆ ಇನ್ನಷ್ಟು ತರಚು, ಇನ್ನಷ್ಟು ಅಂಟು. ಬಿಡಿಸುವಾಗ ಕರುಳೇ ತೂತಾಗುವ ಭಯ ಬೇರೆ. ಅಂಟಿನಿಂದ ಕರುಳು ಮಡಚಿ ದಾರಿ ಪೂರ್ತಿ ಕಟ್ಟಿಕೊಂಡು ಬಿಡದೇ ಹೋದರೆ, ಕರುಳಿಗೆ ರಕ್ತ ಹೋಗುವುದು ನಿಂತರೆ, ಆಗ ಬೇರೆ ದಾರಿ ಇಲ್ಲ, ಮಾಡಲೇಬೇಕು, ಬೇಗ ಮಾಡಬೇಕು. ನನ್ನದು ಅರ್ಧಂಬರ್ಧ ಕಟ್ಟು. ತಿಂದದ್ದು ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಇದಕ್ಕೆ ಯಾವ ಸರ್ಜನ್ನೂ ಸುಮ್ನೆ ಕತ್ತಿ ಎತ್ತುವುದಿಲ್ಲ. ಹೌದು, ಕೇಳಿದ್ದೇನೆ ಅವರನ್ನ. ನಿಮಗಿಂತ ಮೊದಲೇ ಕೇಳಿದ್ದೇನೆ.

ಇಷ್ಟಾದರೂ ಸಹಿಸಿಕೊಳ್ಳಬಹುದು. ನನಗೆ ಮೈ ಉರಿಯುವುದು ಆ "ಕ್ಲೀನ್" ಅನ್ನುವ ಮಾತಿಗೆ. ಒಳಗೆ ನಾನೇ ಕಸ ಕೂಡಿಹಾಕಿಕೊಂಡ ಹಾಗೆ! ಕಸ ಅಲ್ಲ ಸ್ವಾಮಿ. ಗದ್ದೆಗೆ ನೀರು ಬಿಡುವ ಪೈಪು ಎಲ್ಲೋ ಮಡಚಿಕೊಂಡರೆ ನೀರು ಸಣ್ಣಗಾಗುತ್ತದಲ್ಲ, ಅದು.

ಈ ಮಾತಿನ ಮೂಲಪುರುಷ ನನ್ನ ಅಕ್ಕನ ಗಂಡ. ಎರಡು ವರ್ಷದ ಹಿಂದೆ, ಮೇ ತಿಂಗಳು, ಮದ್ದೂರಿನ ಕಡೆ ಒಂದು ಬೀಗರ ಊಟ. ಪಂಕ್ತಿಯಲ್ಲಿ ಕೂತಿದ್ದೆ. ಮುದ್ದೆ ಬಂತು. ನಮ್ಮ ಕಡೆ ಮುದ್ದೆ ನುಂಗಬೇಕು, ಅಗಿಯುವವರನ್ನು ಕಂಡರೆ ಎಂಥವರ ಮಗಳಪ್ಪಾ ಅಂತ ನೋಡುತ್ತಾರೆ. ನಾನು ಅಗಿಯುತ್ತೇನೆ. ಮಜ್ಜಿಗೆ ಬಿಟ್ಟರೆ ಎಲ್ಲವನ್ನೂ ಅಗಿಯುತ್ತೇನೆ. ಪಕ್ಕದವರ ಎರಡನೇ ಮುದ್ದೆ ಮುಗಿದಾಗ ನನ್ನದು ಕಾಲು ಭಾಗ ಕರಗಿತ್ತು. ಅಷ್ಟರಲ್ಲಿ ಭಾವ ಬೋಟಿ ಗೊಜ್ಜಿನ ಬಕೆಟ್ ಹಿಡಿದು ಬಂದರು. "ಏನಮ್ಮ, ಇಷ್ಟೇನಾ?" ಸಾಕು ಭಾವ ಅಂದೆ. ಸೌಟನ್ನು ನನ್ನ ಎಲೆಯ ಮೇಲೆ ಹಾಗೇ ಹಿಡಿದು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದರು: "ಈ ಬೋಟಿ ತಿರುಗಿಸಿ ತಿರುಗಿಸಿ ಬಿಸಿನೀರಲ್ಲಿ ತೊಳೀತೀವಲ್ಲ, ಹಂಗೆ ಡಾಕ್ಟ್ರಿಗೆ ಹೇಳಿ ಒಂದ್ಸಲ ಕ್ಲೀನ್ ಮಾಡಿಸಿಬಿಡು, ನೆಮ್ಮದಿಯಾಗಿ ಉಣ್ಣಬೋದು."

ಮೇಕೆಯ ಕರುಳು ಬಡಿಸುತ್ತಾ ನನ್ನ ಕರುಳಿಗೆ ಸಲಹೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗು ಬಂತು, ಏನು ಮಾಡಲಿ.

ಆ ರಾತ್ರಿ ಆಗಿದ್ದು ಬೋಟಿಯಿಂದಲ್ಲ, ಭಾವನ ಬಾಯಿಯಿಂದಲೂ ಅಲ್ಲ. ಊಟ ಮುಗಿದ ಮೇಲೆ ಹಿತ್ತಲಲ್ಲಿ ಹಲಸಿನ ಹಣ್ಣು ಕೊಯ್ದರು. ಎರಡು ತೊಳೆ ತಿಂದೆ. ಸರಿ, ನಾಲ್ಕು. ಹಲಸು ಬರೀ ನಾರು, ನನಗೆ ಅದು ವಿಷ ಅಂತ ಗೊತ್ತು. ಆದರೂ ವರ್ಷವಿಡೀ ಕಿತ್ತಳೆ ತೊಳೆಯ ಸಿಪ್ಪೆ ಕೂಡ ಬಿಡಿಸಿ ತಿನ್ನುವವಳಿಗೆ ಒಂದು ದಿನ ತಲೆ ಕೆಡುತ್ತದೆ. ಇದಕ್ಕೆ ನನ್ನನ್ನು ಬೈಯುವ ಹಕ್ಕು ನನ್ನ ಗಂಡನಿಗೆ ಮಾತ್ರ ಇದೆ, ಅವರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ.

ರಾತ್ರಿ ಎಂಟಕ್ಕೆ ಶುರುವಾಯಿತು. ನೋವು ಅಲೆ ಅಲೆಯಾಗಿ ಬರುತ್ತದೆ. ಹೊಟ್ಟೆಯ ಗುಡುಗುಡು ಪಕ್ಕದ ರೂಮಿಗೆ ಕೇಳುತ್ತದೆ, ಚರ್ಮದ ಕೆಳಗೆ ಒಂದು ಉಬ್ಬು ಎದ್ದು ನಿಧಾನಕ್ಕೆ ಸರಿದು ಹೋಗುವುದು ಕಣ್ಣಿಗೇ ಕಾಣುತ್ತದೆ. ಅದು ಕರುಳು, ಕಟ್ಟಿದ ಜಾಗಕ್ಕೆ ಗುದ್ದುತ್ತಾ ಇರುತ್ತದೆ. ದೊಡ್ಡಮ್ಮ ಹರಳೆಣ್ಣೆ ತಂದರು. ಕೈಮುಗಿದು ಬೇಡ ಅಂದೆ. ಮಡಚಿದ ಪೈಪಿಗೆ ಹಿಂದಿನಿಂದ ಮೋಟರ್ ಜೋರು ಮಾಡಿದರೆ ಏನಾಗುತ್ತದೋ ಅದೇ ಆಗುತ್ತದೆ, ದಯವಿಟ್ಟು ಯಾರಿಗೂ ಕೊಡಬೇಡಿ. ವಾಂತಿ ಹಸಿರಾದಾಗ ಆಸ್ಪತ್ರೆಗೆ ಹೊರಟೆವು. ನೋವು ಬಿಟ್ಟು ಬಿಟ್ಟು ಬರದೆ ಒಂದೇ ಸಮನೆ ಇದ್ದರೆ, ಜ್ವರ ಬಂದರೆ, ಎದೆ ಡವಡವ ಜೋರಾದರೆ ವಾಂತಿಗೂ ಕಾಯಬಾರದು.

ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸುತ್ತಾರೆ. "ನುಂಗಿ, ನುಂಗಿ, ಹಾಂ, ಇನ್ನೊಂದು ಸಲ ನುಂಗಿ" ಅಂತಾರೆ ಸಿಸ್ಟರ್. ಗಂಟಲಲ್ಲಿ ಹಗ್ಗ ಇಟ್ಟುಕೊಂಡು ನುಂಗುವುದು ಎಂದರೇನು ಅಂತ ಮುದ್ದೆ ನುಂಗುವವರಿಗೆ ಒಮ್ಮೆ ತೋರಿಸಬೇಕು. ಬಾಯಿಗೆ ಏನೂ ಇಲ್ಲ, ಕೈಗೆ ಡ್ರಿಪ್. ಹೊಟ್ಟೆ ಖಾಲಿಯಾಗಿ ಊತ ಇಳಿದರೆ ಹೆಚ್ಚಿನವರಿಗೆ ಕಟ್ಟು ತಾನೇ ಬಿಡುತ್ತದೆ. ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ.

ಮಾರನೇ ದಿನ ಭಾವ ನೋಡಲು ಬಂದರು, ಒಂದು ಕೆ.ಜಿ. ಕಿತ್ತಳೆ ಹಿಡಿದು. "ಹೆಂಗೂ ಅಡ್ಮಿಟ್ ಆಗಿದ್ದೀಯ, ಈಗಲೇ ಮಾಡಿಸಿಬಿಡಬಾರದಾ?" ಮೂಗಲ್ಲಿ ಟ್ಯೂಬ್ ಇದ್ದಿದ್ದರಿಂದ ಉತ್ತರ ಕೊಡಲಿಲ್ಲ. ಆ ಉತ್ತರವೇ ಈಗ ಇಷ್ಟುದ್ದ ಆಗಿರುವುದು.

ಊಟದ ಬಗ್ಗೆಯೂ ಕೇಳುತ್ತಾರೆ, ಬೇಗ ಮುಗಿಸುತ್ತೇನೆ. ಬಸ್ಸಾರು ಮಾಡಿದರೆ ಬಸಿದ ಕಟ್ಟಿನ ಸಾರು ನನಗೆ, ಸೊಪ್ಪಿನ ಪಲ್ಯ ಮನೆಯವರಿಗೆ. ತೆಂಗಿನಕಾಯಿ ತುರಿ, ಜೋಳ, ಬಾಳೆದಿಂಡು, ಕೋಸಂಬರಿ, ನುಗ್ಗೆಕಾಯಿ ಇಲ್ಲ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಗುಡುಗುಡು ಶುರುವಾದರೆ ಎರಡು ದಿನ ಬರೀ ಗಂಜಿ. ಸ್ಟಾಫ್ ರೂಮಿನಲ್ಲಿ "ನಾರಿನಂಶ ತಿನ್ನಿ ಮೇಡಂ" ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ, ಡಬ್ಬಿ ಮುಚ್ಚಿ ಕ್ಲಾಸಿಗೆ ಹೋಗುತ್ತೇನೆ.

ನನಗೆ ಬೇಕಾದ ಪ್ರಶ್ನೆ ಬೇರೆಯೇ ಇದೆ. ನಾಚಿಕೆ ಬಿಟ್ಟು ಹೇಳುತ್ತೇನೆ. "ಊಟ ಆಯ್ತಾ" ಅಂತ ಕೇಳಬೇಡಿ. "ಗಾಳಿ ಹೋಯ್ತಾ" ಅಂತ ಕೇಳಿ. ಗಾಳಿ ಹೋದರೆ ಕಟ್ಟು ಬಿಡುತ್ತಿದೆ ಅಂತ ಅರ್ಥ. ವಾರ್ಡಿನಲ್ಲಿ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವ ಅಮ್ಮನವರೆಗೆ ಎಲ್ಲರೂ ಕೇಳುವುದು ಅದೊಂದೇ. ಹೊರಗೆ ಹೂಸು ಅಂದರೆ ಮೂಗು ಮುಚ್ಚುವ ಜನ, ಅಲ್ಲಿ ಅದಕ್ಕಾಗಿ ದೇವರಿಗೆ ಹರಕೆ ಹೊರುತ್ತಾರೆ. ನಮ್ಮ ಅತ್ತೆ ನಾಗಮಂಗಲದಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. ಮೊದಲೆಲ್ಲ ತಿಂಡಿ ಏನು ಅಂತ ಕೇಳುತ್ತಿದ್ದರು. ಈಗ ಹಲೋ ಕೂಡ ಇಲ್ಲ, "ಹೋಯ್ತಾ?" ಅಷ್ಟೇ. ನನ್ನ ಆರೋಗ್ಯದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆ ಇನ್ನಾರೂ ಕೇಳಿಲ್ಲ.

ಆ ಸಲ ಪಕ್ಕದ ಬೆಡ್ಡಿನಲ್ಲಿ ಹರ್ನಿಯಾ ಆಪರೇಷನ್ ಆದ ಒಬ್ಬ ಅಜ್ಜಿ ಇದ್ದರು. ನಮ್ಮಿಬ್ಬರಿಗೂ ಒಂಥರಾ ಪಂದ್ಯ. ಸೋಮವಾರ ಸಂಜೆ ಅಜ್ಜಿ ವಾರ್ಡಿಗೆಲ್ಲ ಕೇಳುವ ಹಾಗೆ "ಹೋಯ್ತು ಕಣವ್ವಾ!" ಅಂದರು. ಸಿಸ್ಟರ್ ಚಪ್ಪಾಳೆ ತಟ್ಟಿದರು. ಮಂಗಳವಾರ ಬೆಳಿಗ್ಗೆ ನನ್ನ ಟ್ಯೂಬಿನಲ್ಲಿ ಗ್ಯಾಸ್ಟ್ರೋಗ್ರಾಫಿನ್ ಬಿಟ್ಟರು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧಿ ಅದು, 24 ಗಂಟೆಯೊಳಗೆ ದೊಡ್ಡ ಕರುಳು ಮುಟ್ಟಿದರೆ ಹೆಚ್ಚಾಗಿ ಆಪರೇಷನ್ ಬೇಕಾಗುವುದಿಲ್ಲ. ಮಧ್ಯಾಹ್ನ ಅಜ್ಜಿಗೆ ಡಿಸ್ಚಾರ್ಜ್. ಹೊರಡುವಾಗ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, "ನಿಂಗಿನ್ನೂ ಇಲ್ವೇನವ್ವ" ಅಂದರು, ಪರೀಕ್ಷೆಯಲ್ಲಿ ಫೇಲಾದ ಮೊಮ್ಮಗಳಿಗೆ ಹೇಳುವ ಹಾಗೆ.

ಸಂಜೆಯ ಎಕ್ಸ್‌ರೇಯಲ್ಲಿ ಬಿಳಿ ದಾಟಿತ್ತು. ಬುಧವಾರ ಬೆಳಗಿನ ಜಾವ ನಾಲ್ಕೂವರೆಗೆ ಹೋಯಿತು. ಪಕ್ಕದ ಬೆಡ್ಡು ಖಾಲಿ, ಗಂಡ ಕುರ್ಚಿಯಲ್ಲಿ ಗೊರಕೆ. ಅತ್ತೆಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಹೋಯ್ತು ಅತ್ತೆ ಅಂದೆ. ಅವರು ನನಗೆ ಏನೂ ಹೇಳಲಿಲ್ಲ, ಫೋನ್ ಹಿಡಿದುಕೊಂಡೇ ಮಾವನನ್ನು ಎಬ್ಬಿಸುತ್ತಿದ್ದರು.