ಗ್ಯಾರೇಜಿಗೆ ಬರುವಷ್ಟರಲ್ಲಿ ಮಾಯವಾಗುವ ಸದ್ದು

ಚಳಿ ಶುರುವಾದರೆ ಶಿವಮೊಗ್ಗದ ನನ್ನ ಗ್ಯಾರೇಜಿಗೆ ಒಂದೇ ಥರದ ದೂರು. "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ. ಐದು ನಿಮಿಷಕ್ಕೆ ನಿಂತುಹೋಗುತ್ತೆ." ಹೀಗಂದವರ ಗಾಡಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿ, ಚೆನ್ನಾಗಿ ಕಾದು, ನನ್ನ ಮುಂದೆ ನಿಂತಿರುತ್ತದೆ. ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಹಲ್ಲುನೋವು ಅಂತ ಹೋದರೆ ಡಾಕ್ಟರ ಮುಂದೆ ಕೂತ ಕೂಡಲೇ ನೋವು ಹೋಗುತ್ತದಲ್ಲ, ಹಾಗೆ.

ಹೋದ ವರ್ಷ ಮಂಡಗದ್ದೆ ಕಡೆಯ ಒಬ್ಬರು ಮೇಷ್ಟ್ರು ಬಂದರು. 110 ಸಿಸಿ ಸ್ಕೂಟರ್, ಕಾರ್ಬೊರೇಟರ್ ಇರುವ ಹಳೇ ಗಾಡಿ. ಇದೇ ದೂರು. ಮನೆ ಹತ್ತಿರದ ಗ್ಯಾರೇಜಿನಲ್ಲಿ ಆಗಲೇ ಎಂಜಿನ್ ಒಳಗಿನ ಕ್ಯಾಮ್ ಚೈನ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಎರಡೂ ಬದಲಾಗಿತ್ತು. ಹಳೇ ಚೈನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದರು, ನನಗೆ ತೋರಿಸೋಕೆ. ಮೇಷ್ಟ್ರಲ್ವಾ, ಎಲ್ಲದಕ್ಕೂ ಸಾಕ್ಷಿ ಬೇಕು.

ಅವತ್ತು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆ ಆಗುತ್ತದೆ. ಹನ್ನೊಂದು ಗಂಟೆ, ಅಂಗಡಿ ತುಂಬ ಗಾಡಿ. ಸದ್ದು ಕೇಳಿಸದಿದ್ದರೂ "ಟ್ಯಾಪೆಟ್ ಇರ್ಬೇಕು ಮೇಷ್ಟ್ರೇ" ಅಂದುಬಿಟ್ಟೆ. ಟಿಕ್ ಟಿಕ್ ಅಂದರೆ ಟ್ಯಾಪೆಟ್, ಇದು ನಮ್ಮ ಬಾಯಿಪಾಠ. ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಕಳಿಸುವ ಬಾಗಿಲೇ ವಾಲ್ವ್, ಅದನ್ನು ಒತ್ತಿ ತೆರೆಯುವ ಭಾಗ ಟ್ಯಾಪೆಟ್. ಎಂಜಿನ್ ಪೂರ್ತಿ ಆರುವ ಮೊದಲೇ ಕವರ್ ಬಿಚ್ಚಿ, ಸದ್ದು ಬರಲೇಬಾರದು ಅಂತ ಒಂದಿಷ್ಟು ಬಿಗಿಯಾಗಿಯೇ ಸೆಟ್ ಮಾಡಿ ಕಳಿಸಿದೆ. ದುಡ್ಡೂ ತಗೊಂಡೆ.

ವಾರಕ್ಕೆ ಫೋನ್ ಬಂತು. "ಎಂತ ಮಾರಾಯಾ, ಸದ್ದು ಹಾಗೇ ಉಂಟು. ಈಗ ಬೆಳಿಗ್ಗೆ ಸ್ಟಾರ್ಟೂ ಆಗ್ತಾ ಇಲ್ಲ!"

ಸ್ಟಾರ್ಟ್ ಆಗದ್ದಕ್ಕೆ ಕಾರಣ ನಾನೇ. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಗ್ಯಾಪನ್ನು ತಣ್ಣಗಿರುವ ಎಂಜಿನ್ನಿನಲ್ಲೇ ನೋಡಬೇಕು. ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೆ ಬಂದು ನಿಂತಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು, ಫೀಲರ್ ಗೇಜ್ ಅನ್ನುವ ತೆಳು ಅಳತೆಪಟ್ಟಿ ಆ ಗ್ಯಾಪಿನಲ್ಲಿ ಸ್ವಲ್ಪ ತಡೆದು ತಡೆದು ಓಡಾಡಬೇಕು. ಅಳತೆ ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಆದರೆ ಎಲ್ಲ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಲೆಕ್ಕ. ಅಷ್ಟು ಸಣ್ಣ ಜಾಗವನ್ನೂ ತಿಂದುಬಿಟ್ಟರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ. ಕಂಪ್ರೆಷನ್ ಸೋರುತ್ತದೆ, ಹಾಗೇ ಓಡಿಸಿದರೆ ವಾಲ್ವ್ ಸುಟ್ಟೂ ಹೋಗುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ. ಬಿಗಿ ಟ್ಯಾಪೆಟ್ ಬಾಯಿ ಬಿಡದೆ ಎಂಜಿನ್ ಕೆಡಿಸುತ್ತದೆ. ಸ್ವಲ್ಪ ಟಿಕ್ ಅನ್ನುವ ಗಾಡಿಯೇ ನನಗೆ ಇಷ್ಟ.

"ಮೇಷ್ಟ್ರೇ, ಸಂಜೆ ತಂದು ಬಿಟ್ಟು ಬಸ್ಸಿಗೆ ಹೋಗಿ. ರಾತ್ರಿ ಇಲ್ಲೇ ಇರಲಿ" ಅಂದೆ.

ಮರುದಿನ ಆರೂವರೆಗೆ ಶಟರ್ ಎತ್ತಿದೆ. ತುಂಗೆ ಕಡೆಯಿಂದ ಮಂಜು ರಸ್ತೆವರೆಗೂ ಬಂದಿತ್ತು. ಮೊದಲು ಸೈಲೆನ್ಸರ್ ಪೈಪು ಮುಟ್ಟಿದೆ, ಬಾವಿ ನೀರಿನಷ್ಟು ತಣ್ಣಗಿತ್ತು. ಟ್ಯಾಪೆಟ್ ಬಿಚ್ಚಿ ಸರಿಯಾದ ಅಳತೆಗೆ ತಂದೆ. ಡಿಪ್ ಸ್ಟಿಕ್ ಒರೆಸಿ ಆಯಿಲ್ ನೋಡಿದೆ, ಸರಿಯಿತ್ತು. ಈ ಎಂಜಿನ್ನಿಗೆ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ, ಅದರಲ್ಲಿ ಇನ್ನೂರು ಎಂಎಲ್ ಕಮ್ಮಿಯಾದರೂ ಮೇಲಿನ ಭಾಗ ಸದ್ದು ಮಾಡುತ್ತದೆ. ಸದ್ದು ಮುಚ್ಚಲಿ ಅಂತ ದಪ್ಪ ಆಯಿಲ್ ಹಾಕಿಸುವವರಿದ್ದಾರೆ. ಚಳಿಯಲ್ಲಿ ಅದು ಮೇಲಕ್ಕೆ ಹತ್ತುವುದೇ ನಿಧಾನ. ಆಯಿಲ್ ಡಬ್ಬದ ಮೇಲಿನ ದಪ್ಪದ ಗುರುತು 10ಡಬ್ಲ್ಯು-30ರಲ್ಲಿ ಆ ಡಬ್ಲ್ಯು ಅಂದರೆ ವಿಂಟರ್. ಕಂಪನಿ ಸುಮ್ನೆ ಬರೆದಿರಲ್ಲ.

ಮೇನ್ ಸ್ಟ್ಯಾಂಡ್ ಹಾಕಿ, ಸೆಲ್ಫ್ ಮುಟ್ಟದೆ ಕಿಕ್ ಹೊಡೆದೆ. ಸೆಲ್ಫಿನಲ್ಲಿ ಮಾತ್ರ ಕರ್ರ್ ಅಂದು, ಕಿಕ್ಕಿನಲ್ಲಿ ಬರದಿದ್ದರೆ ಅದು ಸ್ಟಾರ್ಟರ್ ಕಡೆಯ ತೊಂದರೆ, ಎಂಜಿನ್ ಒಳಗೆ ಹುಡುಕುವುದೇ ಬೇಡ. ಇಲ್ಲಿ ಕಿಕ್ಕಿನಲ್ಲೂ ಬಂತು. ಟಿಕ್ ಟಿಕ್ ಟಿಕ್, ಸ್ಪಷ್ಟವಾಗಿ.

ಉದ್ದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ, ತುದಿ ಎಂಜಿನ್ನಿಗೆ. ನಮ್ಮ ಸ್ಟೆತಾಸ್ಕೋಪ್ ಅದೇ. ಟ್ಯಾಪೆಟ್ ಕವರ್ ಮೇಲಿಟ್ಟೆ, ಮಾಮೂಲಿ ಸದ್ದು. ಟೆನ್ಷನರ್ ಹತ್ತಿರ ಇಟ್ಟೆ, ಹೊಸ ಚೈನು ನುಣ್ಣಗೆ ಓಡುತ್ತಿತ್ತು. ಸ್ಕ್ರೂಡ್ರೈವರ್ ತೆಗೆದಾಗಲೇ ಸದ್ದು ಜಾಸ್ತಿ ಕೇಳಿಸಿತು. ಅಂದರೆ ಅದು ಲೋಹದೊಳಗಿನಿಂದ ಬರುತ್ತಿರಲಿಲ್ಲ, ಗಾಳಿಯಲ್ಲಿತ್ತು.

ನೆಲಕ್ಕೆ ಗೋಣಿಚೀಲ ಹಾಸಿ ಮಲಗಿ ಕೆಳಗಿಂದ ಟಾರ್ಚ್ ಬಿಟ್ಟೆ. ಸೈಲೆನ್ಸರ್ ಪೈಪು ಎಂಜಿನ್ನಿಗೆ ಸೇರುವ ಜಾಗದಲ್ಲಿ, ಎರಡು ನಟ್ಟಿನ ನಡುವೆ, ಎಳೆ ಎಳೆಯಾಗಿ ಬಿಳಿ ಆವಿ. ನಾವು ಚಳಿಯಲ್ಲಿ ಬಾಯಿಂದ ಬಿಡುತ್ತೇವಲ್ಲ, ಅಂಥದ್ದು. ಅಂಗೈ ಹತ್ತಿರ ಹಿಡಿದರೆ ಪುಸ್ ಪುಸ್ ಅಂತ ಬಿಸಿ ಉಸಿರು ಬಡಿಯುತ್ತಿತ್ತು. ಸುತ್ತ ಕಾಡಿಗೆ ಬಳಿದ ಹಾಗೆ ಮಸಿ. ಅಂಗಡಿ ಹುಡುಗನಿಗೆ ಹಳೇ ಬಟ್ಟೆ ಮಡಚಿ ಸೈಲೆನ್ಸರ್ ಬಾಯಿಗೆ ಒಂದೇ ಕ್ಷಣ ಒತ್ತಲು ಹೇಳಿದೆ. ಸದ್ದು ಇಮ್ಮಡಿಯಾಯಿತು. ಹೊಗೆ ಹೋಗೋಕೆ ದಾರಿ ಸಿಗದೆ ಅದೇ ಸಂದಿಯಲ್ಲಿ ನುಗ್ಗಿತು.

ಗ್ಯಾಸ್ಕೆಟ್, ಅಂದರೆ ಆ ಸಂದಿ ಮುಚ್ಚಲು ನಡುವೆ ಕೂರಿಸುವ ಬಳೆ, ಲೀಕ್. ಟ್ಯಾಪೆಟ್ ಥರವೇ ಕೇಳಿಸಿ ಮೋಸ ಮಾಡಿದ್ದಕ್ಕೆ ಕಾರಣ ಇದೆ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಎರಡು ಸುತ್ತಿಗೆ ಒಂದು ಸಲ ತೆರೆಯುತ್ತದೆ. ಹೊಗೆಯೂ ಅಷ್ಟೇ ಸಲ ಹೊರಗೆ ನುಗ್ಗುತ್ತದೆ. ಐಡಲ್, ಅಂದರೆ ಆಕ್ಸಿಲೇಟರ್ ಕೊಡದಾಗ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, 1700 ಆರ್‌ಪಿಎಂ ಇದ್ದರೆ ಎರಡರದ್ದೂ ನಿಮಿಷಕ್ಕೆ 850. ತಾಳ ಒಂದೇ, ಹಾಡುವವರು ಬೇರೆ. ತಣ್ಣಗಿದ್ದಾಗ ತಾನೇ ಹೆಚ್ಚು ಪೆಟ್ರೋಲು ಬಿಡುವ ಆಟೋ ಚೋಕ್ ಐಡಲನ್ನು ಇನ್ನೂ ಏರಿಸಿರುತ್ತದೆ, ಹಾಗಾಗಿ ಜೋರಾಗಿ ಕೇಳಿಸುತ್ತದೆ. ಪೈಪು ಕಾದು ಹಿಗ್ಗಿದರೆ ಸಂದಿ ತಾನೇ ಮುಚ್ಚಿಕೊಳ್ಳುತ್ತದೆ. ಅವತ್ತು ಗಡಿಯಾರ ನೋಡಿದೆ, ಆರನೇ ನಿಮಿಷಕ್ಕೆ ಸದ್ದು ಪೂರ್ತಿ ನಿಂತಿತು. ಮೇಷ್ಟ್ರು ದಾರಿಯಲ್ಲಿ ಸಕ್ರೆಬೈಲು ಮುಟ್ಟುವ ಎಷ್ಟೋ ಮೊದಲೇ ಅದು ಮಾಯ. ನನಗೆ ಎಲ್ಲಿಂದ ಕೇಳಿಸಬೇಕು?

ಒಂಬತ್ತಕ್ಕೆ ಮೇಷ್ಟ್ರು ಬಂದರು. "ಯಾವಾಗಿಂದ ಶುರುವಾಯ್ತು ಸದ್ದು?" ಮೊದಲ ದಿನವೇ ಕೇಳಬೇಕಿತ್ತು ಇದನ್ನು.

"ದೀಪಾವಳಿ ಆಸುಪಾಸು. ಮನೆ ಮುಂದಿನ ಇಳಿಜಾರಲ್ಲಿ ಆಕ್ಸಿಲೇಟರ್ ಬಿಟ್ರೆ ಪಟ್ ಪಟ್ ಅಂತಲೂ ಅನ್ತಿತ್ತು."

ಅದೂ ಇದೇ ಲೀಕಿನ ಗುರುತು. ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗಿ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಉರಿಯುತ್ತದೆ.

"ಅದಕ್ಕೆ ಮುಂಚೆ ಏನಾದ್ರೂ ಕೆಲಸ ಮಾಡ್ಸಿದ್ರಾ?"

"ಹಿಂದಿನ ಟೈರು ಹಾಕ್ಸಿದ್ದೆ. ನಿನ್ನ ಹತ್ರವೇ ಅಲ್ವಾ ಮಾರಾಯಾ?"

ಹುಡುಗ ಎದ್ದು ಸ್ಪ್ಯಾನರ್ ಹುಡುಕುವವನ ಹಾಗೆ ಹಿಂದೆ ಹೋದ. ಈ ಸ್ಕೂಟರಿನಲ್ಲಿ ಹಿಂದಿನ ಚಕ್ರ ತೆಗೆಯಬೇಕಾದರೆ ಸೈಲೆನ್ಸರ್ ಬಿಚ್ಚಲೇಬೇಕು. ಬಿಚ್ಚಿದಾಗ ಗ್ಯಾಸ್ಕೆಟ್ ಹೊಸದು ಹಾಕಬೇಕು. ಅದು ಒಂದು ಸಲ ಒತ್ತಿ ಚಪ್ಪಟೆಯಾದರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ನಾವು ಹಳೇದನ್ನೇ ಹಾಕಿದ್ದೆವು. ಸಾಲದ್ದಕ್ಕೆ ಹಿಂದಿನ ಬೋಲ್ಟುಗಳನ್ನು ಮೊದಲು ಬಿಗಿದು, ಪೈಪು ಓರೆಯಾದ ಮೇಲೆ ಮುಂದಿನ ನಟ್ಟು ಬಿಗಿದಿದ್ದೆವು. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಎಂಜಿನ್ ಕಡೆಯ ನಟ್ಟು ಮೊದಲು, ಹಿಂದಿನ ಬೋಲ್ಟು ಆಮೇಲೆ ಬಿಗಿಯಬೇಕಿತ್ತು. ಹುಡುಗನಿಗೆ ಬೈಯಲಿಲ್ಲ. ಹೇಳಿಕೊಡದವನು ನಾನು.

ಎಲ್ಲ ಬೆಳಗಿನ ಸದ್ದೂ ಇಷ್ಟು ಸುಲಭವಲ್ಲ. ಮಳೆಗಾಲದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆಯ ಗಾಡಿಗಳು ಬೆಳಿಗ್ಗೆ ಹೊರಡುವಾಗ ಕಿರ್ರ್ ಅಂತ ಕಿರುಚುತ್ತವೆ. ರಾತ್ರಿಯ ತೇವಕ್ಕೆ ಕ್ಲಚ್ ಬೆಲ್ಲಿಗೆ, ಕ್ಲಚ್ ಒತ್ತಿ ಹಿಡಿಯುವ ಬಟ್ಟಲಿಗೆ, ತೆಳು ತುಕ್ಕು ಹಿಡಿದಿರುತ್ತದೆ, ಎರಡು ಫರ್ಲಾಂಗ್ ಓಡಿದರೆ ಉಜ್ಜಿ ಹೋಗುತ್ತದೆ. ದಿನವಿಡೀ ಕಿರುಚಿದರೆ ಮಾತ್ರ ಬಿಚ್ಚುತ್ತೇನೆ. ಸದ್ದು ಎಂಜಿನ್ನಿನದೋ, ಚಕ್ರ ತಿರುಗಿಸುವ ಬೆಲ್ಟ್ ಕಡೆಯದೋ ತಿಳಿಯದಿದ್ದರೆ ಬೆಲ್ಟ್ ಬಿಚ್ಚಿ, ಎಂಜಿನ್ ಕಡೆಯಿಂದ ಬೆಲ್ಟ್ ಓಡಿಸುವ ವೇರಿಯೇಟರಿನ ನಟ್ಟು ಬಿಗಿದು, ಬರೀ ಐಡಲಿನಲ್ಲಿ ಓಡಿಸಿ ನೋಡುತ್ತೇನೆ. ಪಿಸ್ಟನ್ ಸವೆದ ಗಾಡಿಯೂ ತಣ್ಣಗಿದ್ದಾಗ ಟಕ ಟಕ ಅಂದು ಕಾದ ಮೇಲೆ ಸುಮ್ಮನಾಗುತ್ತದೆ. ಕಾದಂತೆಲ್ಲ ಜಾಸ್ತಿಯಾಗುವ, ಏರು ಹತ್ತುವಾಗ ಡಬ್ ಡಬ್ ಅನ್ನುವ ಸದ್ದಿಗೆ ಮಾತ್ರ ನಾನು ಹೆದರುತ್ತೇನೆ. ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಅಂಥವರಿಗೆ ಗಾಡಿ ನಿಲ್ಲಿಸಿ, ಟೆಂಪೋದಲ್ಲಿ ಹಾಕಿ ತನ್ನಿ ಅನ್ನುತ್ತೇನೆ.

ಹೊಸ ಗ್ಯಾಸ್ಕೆಟ್ ಒಂದು ಮಸಾಲೆ ದೋಸೆಗಿಂತ ಅಗ್ಗ. ಅದರ ದುಡ್ಡು ತಗೊಳ್ಳಲಿಲ್ಲ, ಟ್ಯಾಪೆಟ್ಟಿನದ್ದೂ ವಾಪಸ್ ಕೊಟ್ಟೆ. ಮೇಷ್ಟ್ರು ಸೀಟಿನ ಕೆಳಗಿಂದ ಆ ಕವರ್ ತೆಗೆದರು. "ಹಾಗಾದ್ರೆ ಈ ಚೈನು ಚೆನ್ನಾಗೇ ಇತ್ತಾ?"

ಬೆರಳಲ್ಲಿ ಎಳೆದು, ಮಡಚಿ ನೋಡಿದೆ. ಇನ್ನೂ ಎರಡು ಮೂರು ವರ್ಷ ಬರುತ್ತಿತ್ತು. ಹೇಳಲೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದೆ.

ಈಗ ಅದನ್ನು ಅಡಿಕೆ ತೋಟದ ದಣಪೆಗೆ, ಬೇಲಿಯ ಗೇಟಿಗೆ, ಕಟ್ಟಿದ್ದಾರಂತೆ.