ಯಾರು ಬರಬೇಕು ರೋಸ್ಟರಿಗೆ?

2024ರ ಜುಲೈ. ಟೆಕ್ಕನ್ 8 ಎಂಬ ಹೊಡೆದಾಟದ ವಿಡಿಯೋ ಗೇಮಿನ ರೋಸ್ಟರಿಗೆ, ಅಂದರೆ ಆಡಲು ಸಿಗುವ ಪಾತ್ರಗಳ ಪಟ್ಟಿಗೆ, ಹಳೆಯ ಪಾತ್ರ ಹೆಯಿಹಾಚಿ ಬರುತ್ತಾನೆಂಬ ಟ್ರೇಲರ್ ಇಂಥ ಆಟಗಳ ಸ್ಪರ್ಧೆಯಾದ ಇವೋ ಕೂಟದಲ್ಲಿ ಬಿಡುಗಡೆಯಾದ ವಾರ. ಆಟಿಯ ಮಳೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಕುಂಬಳೆಯ ಮನೆಯೊಂದರ ಚಾವಡಿಯಲ್ಲಿ ಕಂಟ್ರೋಲರ್ ಕೈ ಬದಲಾಗುತ್ತಾ ಇತ್ತು, ಮಾತು ಮಾತ್ರ ಅದೊಂದೇ.

"ಏಳನೆಯದ್ದರಲ್ಲಿ ಲಾವಾಕ್ಕೆ ಬಿದ್ದವ ಪುನಃ ಬಂದದ್ದು ಹೇಗೆ ಭಾವ?"

"ಬಂದನಲ್ಲ, ಸಾಕು. ಇನ್ನು ಈ ಸಲ ಬಿಟ್ಟುಹೋದ ಲೇ ಬರಲಿ."

ಈ ಸರಣಿಯಲ್ಲಿ ಪ್ರೀತಿಯ ಪಾತ್ರ ಕಾಣೆಯಾಗುವುದು ಹೊಸತಲ್ಲ. ಟೆಕ್ಕನ್ 3ರಲ್ಲಿ ಮಿಶೆಲ್ ಜಾಗಕ್ಕೆ ಜೂಲಿಯಾ ಬಂದಳು, ಬೇಕ್ ಜಾಗಕ್ಕೆ ಹ್ವಾರಾಂಗ್. ಹೆಸರು ಹೋದರೂ ಆಟದ ಶೈಲಿ ಉಳಿಯಿತು, ಹಾಗಾಗಿ ಜನ ಒಪ್ಪಿಕೊಂಡರು. 1997ರ ಸ್ಟ್ರೀಟ್ ಫೈಟರ್ 3ರಲ್ಲಿ ಹಳಬರೆಂದರೆ ರ್‍ಯು, ಕೆನ್ ಇಬ್ಬರೇ. ಚುನ್-ಲಿ ಮರಳಲು 1999ರ ಆವೃತ್ತಿಯೇ ಬೇಕಾಯಿತು. ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷಕ್ಕೆ ಜನ ಇಲ್ಲದಿದ್ದರೆ ಎಷ್ಟು ಪುಂಡುವೇಷ ಇದ್ದರೂ ಆ ಕೊರತೆ ತುಂಬುವುದಿಲ್ಲ. ರೋಸ್ಟರಿನಲ್ಲಿ ನೋಡಬೇಕಾದ್ದೂ ಇದನ್ನೇ: ಯಾವ ಬಗೆಯ ಆಟ ಇಲ್ಲವಾಗಿದೆ?

"ಎಲ್ಲರನ್ನೂ ಹಾಕಿದರೆ ಎಂತ ಹೋಗುತ್ತದೆ?" ಎನ್ನುವವರಿಗೆ ಲೆಕ್ಕವೇ ಉತ್ತರ. ಟೆಕ್ಕನ್ 8 ಶುರುವಾದದ್ದು 32 ಪಾತ್ರಗಳಿಂದ. ಬೇರೆ ಬೇರೆ ಇಬ್ಬರ ಜೋಡಿ ಕಟ್ಟಿದರೆ 496 ಆಗುತ್ತದೆ. ಎಡ್ಡಿ, ಲಿಡಿಯಾ ಆದ ಮೇಲೆ 35ನೆಯವನಾಗಿ ಬಂದ ಹೆಯಿಹಾಚಿಯೊಬ್ಬನಿಂದಲೇ 34 ಹೊಸ ಜೋಡಿ. ಪ್ರತಿಯೊಂದರಲ್ಲೂ ಯಾವ ಹೊಡೆತಕ್ಕೆ ಯಾವುದು ಶಿಕ್ಷೆ, ಅಂದರೆ ತಪ್ಪದ ಮರುಹೊಡೆತ, ಎಂದು ಪರೀಕ್ಷಿಸಬೇಕು. ಆಡುವವರೂ ಅಷ್ಟನ್ನು ಕಲಿಯಬೇಕು.

ಹೆಯಿಹಾಚಿಗಾಗಿ ಕಾಯುತ್ತಿದ್ದವರಿಗೆ ಆ ದಿನ ಕೊಟ್ಟ ಸಲಹೆ ಒಂದೇ: ಅವನು ಬರುವವರೆಗೆ ಮಗಳು ರೇನಾಳನ್ನು ಹಿಡಿಯಿರಿ. ಹೆಯಿಹಾಚಿಯ ಮಿಶಿಮಾ ಮನೆತನದ ಎಲೆಕ್ಟ್ರಿಕ್ ಎಂಬ ಮಿಂಚಿನ ಹೊಡೆತ ಅವಳಲ್ಲೂ ಇದೆ. ಮುಂದಕ್ಕೆ ಒತ್ತಿ, ಬಿಟ್ಟು, ಕೆಳಕ್ಕೆ, ಆಮೇಲೆ ಕೆಳ-ಮುಂದಿನ ಮೂಲೆ. ಆ ಮೂಲೆ ಮತ್ತು ಬಲಗೈ ಹೊಡೆತ, ಅಂದರೆ ಪ್ಲೇಸ್ಟೇಷನ್ನಿನ ತ್ರಿಕೋನ, ಎರಡೂ ಒಂದೇ ಫ್ರೇಮಿನಲ್ಲಿ ಬೀಳಬೇಕು. ಒಂದು ಫ್ರೇಮ್ ಎಂದರೆ ಸೆಕೆಂಡಿನ 60ರಲ್ಲೊಂದು ಪಾಲು! ಸರಿ ಬಿದ್ದರೆ ನೀಲಿ ಮಿಂಚು. ಎದುರಾಳಿ ತಡೆದರೂ 5 ಫ್ರೇಮ್ ನಿಮ್ಮ ಕಡೆಗೆ, ಅಂದರೆ ಅವನಿಗಿಂತ ಅಷ್ಟು ಮೊದಲು ನೀವು ಮುಂದಿನ ಹೊಡೆತಕ್ಕೆ ಸಿದ್ಧ. ತ್ರಿಕೋನ ಒಂದು ಫ್ರೇಮ್ ತಡವಾದರೆ ಮಿಂಚಿಲ್ಲದ ಸಾದಾ ಹೊಡೆತ ಬರುತ್ತದೆ. ಅದನ್ನು ತಡೆದರೆ ನೀವು 10 ಫ್ರೇಮ್ ಹಿಂದೆ, 10 ಫ್ರೇಮಿನಲ್ಲಿ ತಾಗುವ ಜ್ಯಾಬ್ ಎಂಬ ಚುರುಕು ಗುದ್ದು ಮುಖಕ್ಕೆ ಖಂಡಿತ. ಹೆಚ್ಚಿನವರು ಎಡವುವುದು ಮೂಲೆ ಮುಟ್ಟಿದ್ದು ಖಾತ್ರಿಯಾದ ಮೇಲೆ ಗುಂಡಿ ಒತ್ತುವುದರಿಂದ. ಬೆರಳು ಕೆಳಗಿನಿಂದ ಮೂಲೆಗೆ ಜಾರುವಾಗಲೇ ಒತ್ತಿ. ಪ್ರ್ಯಾಕ್ಟಿಸ್ ಮೋಡಿನಲ್ಲಿ ಎದುರಾಳಿಯನ್ನು ಸದಾ ತಡೆಯುವಂತೆ ಇಟ್ಟು, ಫ್ರೇಮ್ ಅಂಕಿಯನ್ನು ಪರದೆಗೆ ತನ್ನಿ. +5 ಕಂಡರೆ ಸರಿ, -10 ಕಂಡರೆ ತಪ್ಪು. ಎಡಕ್ಕೆ ನಿಂತು ಕಲಿತದ್ದು ಬಲಕ್ಕೆ ತಾನಾಗಿ ಬರುವುದಿಲ್ಲ, ಎರಡೂ ಬದಿ ಬೇರೆಯಾಗಿಯೇ ತಿದ್ದಬೇಕು.

ಲೇ ಬೇಕೆಂದವನಿಗೆ ಇಂಥ ಬದಲಿಯೂ ಇರಲಿಲ್ಲ. ಹಾವು, ಹುಲಿ, ಕೊಕ್ಕರೆ, ಚಿರತೆ, ಡ್ರ್ಯಾಗನ್ ಎಂದು ನಿಲುವು ಬದಲಿಸುತ್ತಾ, ನೆಲಕ್ಕೆ ಒರಗಿಯೂ ದಾಳಿ ಮಾಡುವ ಆಟ ಉಳಿದ ಯಾರಲ್ಲೂ ಹಾಗೇ ಸಿಗುವುದಿಲ್ಲ. ಅವನ ಬೇಡಿಕೆ ನ್ಯಾಯವಾದದ್ದೇ ಎಂದು ಚಾವಡಿಯಲ್ಲಿದ್ದವರೆಲ್ಲ ಒಪ್ಪಿದರು.