ಹಾಸನದ ಹೊಂಡಕ್ಕೆ ಗಂಡು ಸೀಗಡಿ ಮರಿ ಕೊಳ್ಳುವ ಮುಂಚೆ

ಹಾಸನದ ಕಡೆಯ ಹೊಂಡಗಳಿಗೆ ಹೊಂದುವುದು ಸಿಹಿನೀರಿನ ಸೀಗಡಿ, ಸ್ಕ್ಯಾಂಪಿ. ಇದರಲ್ಲಿ ಗಂಡೇ ದಪ್ಪ. ಮೊಟ್ಟೆ ಹೊತ್ತ ಹೆಣ್ಣು ಅಷ್ಟು ತೂಗುವುದಿಲ್ಲ. ಲಿಂಗ ತೀರ್ಮಾನಿಸುವ ವರ್ಣತಂತು (ಕ್ರೋಮೋಸೋಮ್) ಜೋಡಿ ಗಂಡಿನದು ಝಡ್‌ಝಡ್, ಹೆಣ್ಣಿನದು ಝಡ್‌ಡಬ್ಲ್ಯೂ. ಝಡ್‌ಝಡ್ ಇದ್ದೂ ಹೆಣ್ಣಾಗಿ ಮಾರ್ಪಡಿಸಿದ ತಾಯಿಯನ್ನು ಗಂಡಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲ ಗಂಡು.

ಎಡವಟ್ಟಾಗುವುದು ತಾಯಿ ನಿಜಕ್ಕೂ ಝಡ್‌ಝಡ್ ಹೌದೇ ಎಂದು ನೋಡುವ ಪರೀಕ್ಷೆಯಲ್ಲಿ. ಈಜುಗಾಲಿನ ತುದಿ ಕತ್ತರಿಸಿ 95% ಆಲ್ಕೋಹಾಲ್‌ಗೆ ಹಾಕಬೇಕು. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಹಾಳಾಗುತ್ತದೆ. ಡಿಎನ್‌ಎಯ ಬೇಕಾದ ತುಣುಕನ್ನು ಹೆಚ್ಚಿಸಿ ಗೆರೆಯಾಗಿ ತೋರಿಸುವ ಪಿಸಿಆರ್‌ನಲ್ಲಿ ಡಬ್ಲ್ಯೂ ಗೆರೆ ಕಾಣದಿದ್ದರೆ ಝಡ್‌ಝಡ್ ಎಂದು ಬರೆದುಬಿಡುವುದುಂಟು. ಪರೀಕ್ಷೆಯೇ ಕೈಕೊಟ್ಟರೂ ಗೆರೆ ಬರದು ತಾನೆ? ಗಂಡು, ಹೆಣ್ಣು ಎರಡರಲ್ಲೂ ಇರುವ ಇನ್ನೊಂದು ಗುರುತಿನ ಗೆರೆ ಪಕ್ಕದಲ್ಲಿ ಮೂಡಿರಲೇಬೇಕು. ಮರಿ ಮಾರುವ ಹ್ಯಾಚರಿಯವರನ್ನು ಕೇಳಬೇಕಾದ್ದು ಆ ಗೆರೆಯ ಫೋಟೊ.

ಬರೀ ಗಂಡು ಬಿಟ್ಟರೂ ತೂಕ ಸಮ ಬರುವುದಿಲ್ಲ: ನೀಲಿ ಕೊಂಡಿಯ ದೊಡ್ಡವು ಚಿಕ್ಕವನ್ನು ಬೆಳೆಯಗೊಡವು. ಆ ದೊಡ್ಡವನ್ನು ಆಗಾಗ ಹಿಡಿದು ಮಾರುತ್ತಿರಿ.